ವ್ಯೋಸಾ ತಲೆಯಾಡಿಸಿದಳು

"ನೀರು ಕುಡೀತೀರಾ ಅಮ್ಮ?"

ಇನ್ಸ್‌ಪೆಕ್ಟರ್ ಮಂಜುಶ್ರೀ ಇಂಗ್ಲಿಷಿನಲ್ಲಿ ಕೇಳಿದ್ದಕ್ಕೆ ಕಪ್ಪು ಬಟ್ಟೆಯ ಆ ಹೆಂಗಸು ತಲೆಯನ್ನು ಅಡ್ಡಡ್ಡ ಆಡಿಸಿದಳು. ಬೇಡವೆಂದವರಿಗೆ ಬಲವಂತ ಏಕೆಂದು ಮಂಜುಶ್ರೀ ಲೋಟವನ್ನು ಮತ್ತೆ ಮೇಜಿನ ಮೇಲಿಟ್ಟಳು.

ಹೆಂಗಸಿನ ಚಾಚಿದ ಕೈ ಗಾಳಿಯಲ್ಲೇ ನಿಂತಿತು.

ಮಂಜುಶ್ರೀ ಅದನ್ನು ನೋಡಿದಳು. ನೋಡಿದರೂ ಆ ಗಳಿಗೆಯಲ್ಲಿ ಏನೂ ಹೊಳೆಯಲಿಲ್ಲ. ಎರಡು ದಿನ ವಿಮಾನದಲ್ಲಿ ಕೂತು ಬಂದ ಜೀವ, ಮಗಳು ಬದುಕಿದ್ದ ಕೋಣೆಗೆ ಮೊದಲ ಸಲ ಕಾಲಿಟ್ಟಿದೆ, ಏನು ಬೇಕು ಏನು ಬೇಡ ಎಂದು ಅದಕ್ಕೇ ಗೊತ್ತಾಗುತ್ತಿಲ್ಲ ಅಂದುಕೊಂಡಳು.

ಹೆಂಗಸಿನ ಹೆಸರು ಲಿರಿ. ಅಲ್ಬೇನಿಯಾದ ಪರ್ಮೆತ್ ಎಂಬ ಸಣ್ಣ ಊರಿನವಳು. ಯೋಗ ಕಲಿಯಲು ಬಂದು ಬಾಡಿಗೆಗಿದ್ದ ಅವಳ ಮಗಳು ವ್ಯೋಸಾ ಮೈಸೂರಿನ ಗೋಕುಲಂನ ಈ ಮನೆಯ ತಾರಸಿಯಿಂದ ಬಿದ್ದು ಸತ್ತು ಐದು ತಿಂಗಳಾಗಿತ್ತು. ತಳ್ಳಿದವನು ಆಟೋ ಓಡಿಸುವ ಪುನೀತ್ ಎಂದು ಚಾರ್ಜ್‌ಶೀಟ್ ಆಗಿ, ಅವನು ಜೈಲಿನಲ್ಲಿದ್ದ. ಶವ ಆಗಲೇ ಊರು ಸೇರಿ ಮಣ್ಣಾಗಿತ್ತು. ಈಗ ತಾಯಿ ಬಂದದ್ದು ಮಗಳ ಸಾಮಾನು ಒಯ್ಯಲಿಕ್ಕೆ.

ಮಂಡಕಳ್ಳಿಯ ವಿಮಾನ ನಿಲ್ದಾಣದಿಂದ ಬೆಳಿಗ್ಗೆ ಅವಳನ್ನು ಕಾರಿನಲ್ಲಿ ಕರೆತಂದವನು ಮನೆಯ ಮಾಲಕಿ ಇಂದ್ರಮ್ಮನ ಮಗ ಮೋಹನ್. ಪೆಟ್ಟಿಗೆಯನ್ನು ತಾನೇ ಮಹಡಿಗೆ ಹೊತ್ತು ತಂದಿಟ್ಟು, ಊಟ ತರುತ್ತೇನೆಂದು ಹೊರಗೆ ಹೋಗಿದ್ದ. ಇಂದ್ರಮ್ಮ ಬೀಗ ತೆಗೆದುಕೊಟ್ಟವಳು ಒಳಗೆ ಬರಲಿಲ್ಲ. ಹೊರಗೆ ಮೆಟ್ಟಿಲ ಮೇಲೆ ಸೆರಗು ಬಾಯಿಗೆ ಒತ್ತಿಕೊಂಡು ಕೂತುಬಿಟ್ಟಿದ್ದಳು.

"ನಂಗೆ ಆ ರೂಮು ನೋಡಕ್ಕಾಗಲ್ಲ ಮೇಡಂ. ನಮ್ ಯೋಸಮ್ಮ ಇದ್ದ ಹಂಗೇ ಆಯ್ತದೆ."

ವ್ಯೋಸಾ ಎನ್ನುವುದು ಇಂದ್ರಮ್ಮನ ಬಾಯಲ್ಲಿ ಮೂರು ವರ್ಷದ ಹಿಂದೆಯೇ ಯೋಸಮ್ಮ ಆಗಿತ್ತು. ಅದು ಅವರ ಊರಿನ ನದಿಯ ಹೆಸರು ಎಂದು ತಿಳಿದ ದಿನ, "ನಮ್ ಕಾವೇರಿ ಇದ್ದಂಗೆ ಬುಡು" ಎಂದು ಬೀದಿಗೆಲ್ಲ ಹೇಳಿಕೊಂಡು ಬಂದಿದ್ದಳಂತೆ.

ಲಿರಿ ಕೋಣೆಯನ್ನು ಒಂದು ಸುತ್ತು ಬಂದಳು. ಸುತ್ತಿಟ್ಟ ಯೋಗದ ಚಾಪೆ. ಒಣಗಿ ಕಡ್ಡಿಯಾದ ತುಳಸಿ. ಕಿಟಕಿಯ ಹಲಗೆಯ ಮೇಲೆ ಸಾಲಾಗಿ ನಾಲ್ಕು ಗಾಜಿನ ಭರಣಿ, ಒಳಗೆ ಸಕ್ಕರೆ ಪಾಕದಲ್ಲಿ ಮುಳುಗಿದ ಹಣ್ಣಿನ ಹೋಳು. ಒಂದರಲ್ಲಿ ಸೀಬೆ, ಒಂದರಲ್ಲಿ ಅಂಜೂರ. ಮೇಲಂಟಿಸಿದ ಚೀಟಿಯಲ್ಲಿ ಪುಟ್ಟ ಪುಟ್ಟ ಅಕ್ಷರ.

ಅವರ ಊರಿನಲ್ಲಿ ಮನೆಗೆ ಯಾರೇ ಬಂದರೂ ಮೊದಲು ಒಂದು ಚಮಚ ಈ ಹಣ್ಣಿನ ಪಾಕ, ಜೊತೆಗೊಂದು ಲೋಟ ತಣ್ಣೀರು. ಆಮೇಲೆ ಮಾತು. ಗೋಕುಲಂನಲ್ಲೂ ವ್ಯೋಸಾ ಅದನ್ನು ಬಿಟ್ಟಿರಲಿಲ್ಲ ಎಂದು ಇಂದ್ರಮ್ಮ ಹೇಳಿಕೆಯಲ್ಲಿ ಬರೆಸಿದ್ದಳು. ಕೊರಿಯರ್ ತಂದವನನ್ನೂ ಕೂರಿಸಿ ಚಮಚ ಬಾಯಿಗಿಡುತ್ತಿದ್ದಳಂತೆ.

ಲಿರಿ ಒಂದು ಭರಣಿಯ ಮುಚ್ಚಳ ತಿರುಗಿಸಿ ಮೂಸಿದಳು. ಕಣ್ಣು ಮುಚ್ಚಿದಳು.

"ಇದು ನಿಮ್ಮ ಮಗಳ ಕೈಬರಹವಾ?" ಮಂಜುಶ್ರೀ ಕೇಳಿದಳು. ಸಾಮಾನಿನ ಪಟ್ಟಿಗೆ ಗುರುತು ಹೇಳುವವರು ಬೇಕಿತ್ತು.

ಲಿರಿ ತಲೆಯನ್ನು ಅಡ್ಡಡ್ಡ ಆಡಿಸಿದಳು. ಆಡಿಸುತ್ತಲೇ ಬೆರಳಿನಿಂದ ಒಂದೊಂದು ಅಕ್ಷರವನ್ನೂ ಸವರಿದಳು. ಕಣ್ಣೀರು ಗಲ್ಲದಿಂದ ಚೀಟಿಯ ಮೇಲೆ ಬಿತ್ತು.

"ಹಾಗಾದರೆ ಯಾರದು?"

ಲಿರಿ ತಿರುಗಿ ನೋಡಿದಳು. ಪುಸ್ತಕದಿಂದ ಕಲಿತ, ಒಂದು ಪದವೂ ಮುರಿಯದ ಇಂಗ್ಲಿಷ್ ಅವಳದು. "ನಾನು ಹೌದು ಎಂದೆನಲ್ಲ. ಇದು ನನ್ನ ಮಗಳ ಬರಹವೇ. ನನಗಲ್ಲದೆ ಇನ್ಯಾರಿಗೆ ಗೊತ್ತಾಗಬೇಕು?"

"ನೀವು ತಲೆ ಆಡಿಸಿದಿರಿ."

"ಹೌದು. ಹೌದು ಎಂದು ಆಡಿಸಿದೆ."

ಮಂಜುಶ್ರೀಯ ಕೈಯಲ್ಲಿದ್ದ ಪೆನ್ನು ನಿಂತಿತು. ಮೇಜಿನ ಮೇಲಿನ ನೀರಿನ ಲೋಟ ಕಣ್ಣಿಗೆ ಬಿತ್ತು.

"ನಿಮಗೆ ಆಗ ನೀರು ಬೇಕಿತ್ತಾ?"

"ಬೇಕಿತ್ತು. ನೀವು ಕೊಡಲಿಲ್ಲ. ಕೇಳುವುದು ಮರ್ಯಾದೆಯಲ್ಲವೆಂದು ಸುಮ್ಮನಾದೆ."

ಮಂಜುಶ್ರೀ ಲೋಟವನ್ನು ಎತ್ತಿ ಲಿರಿಯ ಕೈಗೆ ಕೊಟ್ಟಳು.

"ಅಮ್ಮ, ಒಂದು ಸಲ ಸರಿಯಾಗಿ ತೋರಿಸಿ. ನಿಮ್ಮೂರಲ್ಲಿ ಹೌದು ಅನ್ನಕ್ಕೆ ಏನು ಮಾಡ್ತೀರಿ?"

ಲಿರಿ ತಲೆಯನ್ನು ಎಡಕ್ಕೂ ಬಲಕ್ಕೂ ತಿರುಗಿಸಿದಳು.

"ಇಲ್ಲ ಅನ್ನಕ್ಕೆ?"

ಗಲ್ಲವನ್ನು ಮೇಲೆತ್ತಿ ಕೆಳಗಿಳಿಸಿದಳು. ಮೈಸೂರಿನ ಮಗುವಿಗೆ ತೋರಿಸಿದರೂ ಅದನ್ನು 'ಹೂಂ' ಎಂದೇ ತಿಳಿಯುತ್ತಿತ್ತು.

ಐದು ತಿಂಗಳ ಹಿಂದೆ ವ್ಯೋಸಾ ಆಸ್ಪತ್ರೆಯ ಮಂಚದ ಮೇಲಿದ್ದಾಗ ಗಂಟಲಿಗೆ ಕೊಳವೆ ಹಾಕಿದ್ದರು. ಮಾತು ಸಾಧ್ಯವಿರಲಿಲ್ಲ. ಮಂಜುಶ್ರೀ ಪ್ರಶ್ನೆ ಕೇಳಿದ್ದಳು, ವ್ಯೋಸಾ ತಲೆಯಲ್ಲಿ ಉತ್ತರ ಕೊಟ್ಟಿದ್ದಳು, ಡಾಕ್ಟರು ಪಕ್ಕದಲ್ಲಿ ನಿಂತು ಸಹಿ ಹಾಕಿದ್ದರು. ಇಡೀ ಕೇಸು ನಿಂತದ್ದು ಆ ಮರಣ ಹೇಳಿಕೆಯ ಮೇಲೆ.

ಪುನೀತ್ ತಳ್ಳಿದ್ನಾ ಎಂದು ಕೇಳಿದ್ದಕ್ಕೆ ವ್ಯೋಸಾ ತಲೆಯನ್ನು ಮೇಲೆ ಕೆಳಗೆ ಆಡಿಸಿದ್ದಳು. ಒಂದಲ್ಲ, ಮೂರು ಸಲ.

ಮಂಜುಶ್ರೀ ಗೋಡೆಗೆ ಒರಗಿದಳು. ನೆನಪಿಗೆ ಬಂದದ್ದು ವ್ಯೋಸಾ ಅಲ್ಲ, ತಿಮ್ಮಮ್ಮ.

ತಿಮ್ಮಮ್ಮ ಪುನೀತನ ತಾಯಿ. ಮಗ ಜೈಲಿಗೆ ಹೋದಾಗಿನಿಂದ ಪ್ರತಿ ಸೋಮವಾರ ಠಾಣೆಯ ಮುಂದಿನ ಹೊಂಗೆ ಮರದ ಕೆಳಗೆ ಬಂದು ಕೂರುತ್ತಿದ್ದಳು. ಜಗಳವಿಲ್ಲ, ಗೋಳಾಟವಿಲ್ಲ. ಮಂಜುಶ್ರೀಯ ಜೀಪು ಬಂದರೆ ಎದ್ದು ನಿಂತು, "ನನ್ ಮಗ ಅಂಗೆ ಮಾಡಾನಲ್ಲ ಕಣವ್ವ" ಎಂದಷ್ಟೇ ಹೇಳಿ ಮತ್ತೆ ಕೂರುತ್ತಿದ್ದಳು. ಮಂಜುಶ್ರೀ ಮೊದಮೊದಲು ಸಮಾಧಾನ ಹೇಳಿದಳು, ಆಮೇಲೆ ನೋಡದ ಹಾಗೆ ಒಳಗೆ ಹೋಗತೊಡಗಿದಳು. ಹೋದ ತಿಂಗಳು ಎರಡು ಸೋಮವಾರ ಮರದ ಕೆಳಗೆ ಯಾರೂ ಇರಲಿಲ್ಲ. ಮೂರನೆಯ ಸೋಮವಾರ ಸಾವಿನ ಸುದ್ದಿ ಬಂತು.

ಎರಡು ಗಂಟೆಯ ಮಟ್ಟಿಗೆ ಪುನೀತನನ್ನು ಮಣ್ಣಿಗೆ ಕರೆತಂದಿದ್ದರು. ಮಂಜುಶ್ರೀಯೂ ಹೋಗಿದ್ದಳು. ಗುಂಡಿಯ ಅಂಚಿನಲ್ಲಿ ನಿಂತ ಪುನೀತ್ ಅವಳ ಕಡೆ ತಿರುಗಿ ಕೈ ಮುಗಿದಿದ್ದ.

"ಮೇಡಂ, ಮಣ್ಣು ಹಾಕೋ ಮುಂಚೆ ಒಂದೇ ಒಂದ್ಸಲ ಹೇಳ್ಬುಡಿ ನಮ್ಮವ್ವಂಗೆ. ನಾನಲ್ಲ ಅಂತ. ನೀವೇಳಿದ್ರೆ ಕೇಳ್ಕತದೆ."

ಮಂಜುಶ್ರೀ ಬಾಯಿ ತೆರೆದಿರಲಿಲ್ಲ. ಕೈಯಲ್ಲಿ ವ್ಯೋಸಾ ಕೊಟ್ಟ ಸಾಕ್ಷಿ ಇದ್ದಾಗ ಸುಳ್ಳು ಹೇಳುವುದು ಹೇಗೆ ಎಂದು ಆ ದಿನ ತನಗೆ ತಾನೇ ಹೇಳಿಕೊಂಡಿದ್ದಳು.

"ಏನಾಯಿತು?" ಲಿರಿ ಕೇಳಿದಳು. "ನಿಮ್ಮ ಮುಖ ಬಿಳಿಚಿದೆ."

ಮುಚ್ಚಿಡುವುದು ಒಂದು ದಾರಿ. ವಕೀಲರನ್ನು ಕೇಳಿ, ಮೇಲಿನವರಿಗೆ ಬರೆದು, ಆಮೇಲೆ ಹೇಳುವುದು ಇನ್ನೊಂದು. ಮಂಜುಶ್ರೀ ಎರಡನ್ನೂ ಬಿಟ್ಟು ಕುರ್ಚಿ ಎಳೆದು ಲಿರಿಯ ಎದುರು ಕೂತಳು. ಇದ್ದದ್ದನ್ನು ಇದ್ದ ಹಾಗೆ ಹೇಳಿದಳು.

ಕೇಳಿ ಮುಗಿದ ಮೇಲೆ ಲಿರಿ ಕರವಸ್ತ್ರದ ಅಂಚನ್ನು ಒಂದೊಂದಾಗಿ ಮಡಿಸಿದಳು.

"ನನಗೆ ಒಂಬತ್ತು ವರ್ಷವಿದ್ದಾಗ ನಮ್ಮ ತಂದೆಯನ್ನು ಪೊಲೀಸರು ಕರೆದುಕೊಂಡು ಹೋದರು," ಎಂದಳು ಕೊನೆಗೆ. "ಬ್ರೆಡ್ಡಿನ ಅಂಗಡಿಯ ಸಾಲಿನಲ್ಲಿ ನಿಂತು, ಬ್ರೆಡ್ಡು ಹಳಸಲು ಎಂದಿದ್ದರಂತೆ. ಯಾರೋ ಬರೆದುಕೊಟ್ಟರು. ಆ ಕಾಗದದಲ್ಲಿ ಬ್ರೆಡ್ಡು ಹೋಗಿ ಸರ್ಕಾರ ಎಂದಾಗಿತ್ತು. ಗಣಿಯಲ್ಲಿ ಹನ್ನೊಂದು ವರ್ಷ. ವಾಪಸು ಬಂದಾಗ ನನ್ನನ್ನು ಗುರುತು ಹಿಡಿಯಲಿಲ್ಲ. ಅಲ್ಲಿಂದ ನಮ್ಮ ಮನೆಯಲ್ಲಿ ಮಾತು ಕಡಿಮೆ. ಮಕ್ಕಳಿಗೂ ಅದೇ ರೂಢಿಯಾಯಿತು. ಏನು ಕೇಳಿದರೂ ತಲೆಯಲ್ಲೇ ಉತ್ತರ."

"ಅಮ್ಮ..."

"ನನ್ನ ದೇಶದ ಪೊಲೀಸರ ಕಾಗದವನ್ನು ನಾನು ಯಾವತ್ತೂ ನಂಬಿದವಳಲ್ಲ. ನಿಮ್ಮ ಕಾಗದವನ್ನು ನಂಬಿದೆ. ದೂರದ ದೇಶ, ಇವರಿಗೆ ನಮ್ಮ ಮೇಲೆ ಯಾವ ಹಗೆಯೂ ಇಲ್ಲ, ಸುಳ್ಳು ಯಾಕೆ ಬರೆಯುತ್ತಾರೆ ಎಂದುಕೊಂಡೆ."

ಮಂಜುಶ್ರೀ ತಲೆ ತಗ್ಗಿಸಿದಳು.

"ಆ ಹುಡುಗ ಪುನೀತನ ವಿಷಯ ನನಗೆ ಗೊತ್ತಿತ್ತು. ಮುಂದಿನ ವಸಂತಕ್ಕೆ ಅವನನ್ನು ಪರ್ಮೆತ್‌ಗೆ ಕರೆತರುತ್ತೇನೆ ಎಂದು ವ್ಯೋಸಾ ಬರೆದಿದ್ದಳು. ನಮ್ಮಲ್ಲಿ ಅಳಿಯನಾಗುವವನಿಗೆ ಹುಡುಗಿಯ ಮನೆಯಲ್ಲಿ ಉಣ್ಣೆಯ ಕಾಲುಚೀಲ ಹೆಣೆಯುತ್ತಾರೆ. ನಾನು ಹೆಣೆದಿದ್ದೆ. ಬಿಳಿ, ಅಂಚಿಗೆ ಕೆಂಪು." ಅವಳ ದನಿ ಈಗ ಮೊದಲ ಸಲ ಒಡೆಯಿತು. "ನಿಮ್ಮ ಕಾಗದ ಬಂದ ದಿನ ಅದನ್ನು ಒಲೆಗೆ ಹಾಕಿದೆ. ಐದು ತಿಂಗಳು ದಿನಾ ಬೆಳಿಗ್ಗೆ ಅವನಿಗೆ ಸಾವು ಬೇಡಿದೆ."

ಕಿಟಕಿಯ ಆಚೆ ಯಾರೋ ಸೊಪ್ಪು ಮಾರುತ್ತ ಕೂಗಿಕೊಂಡು ಹೋದರು.

ಮಂಜುಶ್ರೀಯೊಳಗಿನ ಪೊಲೀಸು ಕೊನೆಯ ಹುಲ್ಲುಕಡ್ಡಿಯನ್ನು ಹುಡುಕುತ್ತಿತ್ತು. "ಮೂರು ವರ್ಷ ಇಲ್ಲಿದ್ದಳು. ನಮ್ಮ ಥರ ತಲೆ ಆಡಿಸೋದನ್ನ ಕಲಿತಿರಲಿಲ್ಲವಾ?"

"ಕಲಿತಿದ್ದಳು. ಒಮ್ಮೊಮ್ಮೆ ವಿಡಿಯೋ ಕರೆಯಲ್ಲಿ ನನ್ನ ಎದುರೂ ನಿಮ್ಮ ಹಾಗೆ ಆಡಿಸಿ ಬೈಸಿಕೊಂಡಿದ್ದಾಳೆ."

"ಹಾಗಾದ್ರೆ ಆಸ್ಪತ್ರೇಲಿ ಯಾವ ಥರ ಆಡಿಸಿದ್ಳು ಅಂತ ಗೊತ್ತಾಗೋದು ಹೇಗೆ?"

"ನಾನು ಅವಳ ತಾಯಿ," ಎಂದಳು ಲಿರಿ. "ತೋರಿಸಿ."

ಆ ಹೇಳಿಕೆಯನ್ನು ಮಂಜುಶ್ರೀ ಫೋನಿನಲ್ಲಿ ಚಿತ್ರೀಕರಿಸಿಕೊಂಡಿದ್ದಳು. ಕೋರ್ಟಿಗೆ ಒಂದು ಪ್ರತಿ ಹೋಗಿತ್ತು, ಒಂದು ಅವಳಲ್ಲಿತ್ತು. ಎರಡು ನಿಮಿಷಕ್ಕಿಂತ ಹೆಚ್ಚಿಲ್ಲ. ತಾಯಿಗೆ ತೋರಿಸುವಂಥದ್ದಲ್ಲ ಎಂದಳು. ಲಿರಿ ಕೈ ಚಾಚಿದಳು, ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಪರದೆಯ ಮೇಲೆ ಬಿಳಿ ದಿಂಬು, ಊದಿಕೊಂಡ ಮುಖ, ಬಾಯಿಯ ಪಕ್ಕ ಕೊಳವೆ. ಕಣ್ಣುಗಳು ಮಾತ್ರ ತೆರೆದಿದ್ದವು, ಎಚ್ಚರವಾಗಿದ್ದವು. ಲಿರಿ ಫೋನನ್ನು ಎರಡೂ ಕೈಯಲ್ಲಿ ಹಿಡಿದು ಮುಖದ ಹತ್ತಿರ ತಂದುಕೊಂಡಳು.

ಮೊದಲು ಡಾಕ್ಟರ ದನಿ, ಇಂಗ್ಲಿಷಿನಲ್ಲಿ: "ನಿಮಗೆ ನೋವಿದೆಯಾ?"

ವ್ಯೋಸಾಳ ತಲೆ ಎಡಕ್ಕೆ, ಬಲಕ್ಕೆ.

ಹೇಳಿಕೆಯ ಹಾಳೆಯಲ್ಲಿ ಇದು 'ನೋವಿಲ್ಲ' ಎಂದಿತ್ತು. ಸೊಂಟ ಮುರಿದಿತ್ತು, ಪಕ್ಕೆಲುಬು ನಾಲ್ಕು ಮುರಿದಿದ್ದವು. ಹೇಗೂ ನೋವಿಲ್ಲ ಎನ್ನುತ್ತಿದ್ದಾಳಲ್ಲ, ಹೇಳಿಕೆ ಮುಗಿಯಲಿ ಎಂದು ಡಾಕ್ಟರು ನೋವಿನ ಇಂಜೆಕ್ಷನ್ನನ್ನು ಸ್ವಲ್ಪ ತಡೆಹಿಡಿದಿದ್ದರು. ಆ ಹುಡುಗಿಯ ಧೈರ್ಯ ನೋಡಿ ಎಂದು ನರ್ಸೊಬ್ಬಳು ಅಂದದ್ದು ಮಂಜುಶ್ರೀಯ ಕಿವಿಯಲ್ಲಿ ಇನ್ನೂ ಇತ್ತು.

"ಪೋ," ಎಂದಳು ಲಿರಿ ಅವಳ ಭಾಷೆಯಲ್ಲಿ. ಆಮೇಲೆ ಇಂಗ್ಲಿಷಿನಲ್ಲಿ, "ಹೌದು. ನೋವಿದೆ ಎನ್ನುತ್ತಿದ್ದಾಳೆ."

ಇನ್ನು ಅನುಮಾನಕ್ಕೆ ಜಾಗವಿರಲಿಲ್ಲ.

ಈಗ ಫೋನಿನಲ್ಲಿ ಮಂಜುಶ್ರೀಯದೇ ದನಿ, ಇಂಗ್ಲಿಷಿನಲ್ಲೇ, ಗಟ್ಟಿಯಾಗಿ, ಆತ್ಮವಿಶ್ವಾಸದಿಂದ: "ಪುನೀತ್ ನಿಮ್ಮನ್ನ ತಳ್ಳಿದ್ನಾ?"

ತಲೆ ಮೇಲೆ, ಕೆಳಗೆ. ಮತ್ತೆ ಮೇಲೆ, ಕೆಳಗೆ. ಮೂರನೆಯ ಸಲ ಕತ್ತಿನ ನರ ಬಿಗಿದು ದಿಂಬಿನಿಂದ ತಲೆ ಏಳುವಷ್ಟು ಜೋರಾಗಿ. ಆ ಜೋರನ್ನು ಮಂಜುಶ್ರೀ ಅಂದು ಸಿಟ್ಟು ಎಂದು ತಿಳಿದಿದ್ದಳು. 'ಖಚಿತವಾಗಿ ಸೂಚಿಸಿದ್ದಾರೆ' ಎಂದು ಬರೆಸಿದ್ದಳು.

"ಯೋ," ಎಂದಳು ಲಿರಿ. "ಇಲ್ಲ. ಇಲ್ಲ. ಇಲ್ಲ." ಪ್ರತಿ ಸಲ ಮಗಳ ತಲೆಯ ಜೊತೆಗೆ ಅವಳ ಗಲ್ಲವೂ ಏಳುತ್ತಿತ್ತು. "ಬೇಡಿಕೊಳ್ಳುತ್ತಿದ್ದಾಳೆ. ನೋಡಿ, ಅವನನ್ನು ಬಿಟ್ಟುಬಿಡಿ ಎಂದು ಬೇಡಿಕೊಳ್ಳುತ್ತಿದ್ದಾಳೆ ನನ್ನ ಮಗಳು."

ಪುನೀತ್ ಅವಳನ್ನು ತನ್ನ ಆಟೋದಲ್ಲೇ ಆಸ್ಪತ್ರೆಗೆ ತಂದವನು. ತಾನು ಬರುವಷ್ಟರಲ್ಲಿ ಅವಳು ಅಂಗಳದಲ್ಲಿ ಬಿದ್ದಿದ್ದಳು ಎಂದು ಮೊದಲ ದಿನದಿಂದ ಹೇಳಿದ್ದ. ಅವನ ಶರ್ಟಿನ ರಕ್ತವೇ ಅವನಿಗೆ ಮುಳುವಾಗಿತ್ತು.

"ಆಗ ತಾರಸಿ ಮೇಲೆ ಬೇರೆ ಯಾರಾದ್ರೂ ಇದ್ರಾ?" ಫೋನಿನ ಮಂಜುಶ್ರೀ ಕೇಳಿದಳು.

ಎಡಕ್ಕೆ, ಬಲಕ್ಕೆ.

"ಪೋ. ಇದ್ದರು."

ಚಿತ್ರ ಇನ್ನೂ ಮುಗಿದಿರಲಿಲ್ಲ. ಕಾಗದದಲ್ಲಿ ಬರೆಯದ ಕೊನೆಯ ಒಂದು ಮಾತು ಉಳಿದಿತ್ತು, ಬರೆಯುವಂಥದ್ದೂ ಆಗಿರಲಿಲ್ಲ. ಮಂಜುಶ್ರೀ ಅದನ್ನು ಕನ್ನಡದಲ್ಲಿ ಕೇಳಿದ್ದಳು. ವ್ಯೋಸಾಗೆ ಅಷ್ಟು ಕನ್ನಡ ಬರುತ್ತಿತ್ತು.

"ಇಂದ್ರಮ್ಮನ ಮನೆಯವರು ಹೊರಗೆ ಕಾಯ್ತಿದ್ದಾರೆ ಕಣಮ್ಮ. ಒಳಗೆ ಕಳಿಸ್ಲಾ?"

ವ್ಯೋಸಾಳ ಕಣ್ಣು ಬಾಗಿಲ ಕಡೆ ಹೊರಳಿತು. ತಲೆ ಮೇಲೆ, ಕೆಳಗೆ. ಮತ್ತೆ. ಮತ್ತೆ. ಅಷ್ಟರಲ್ಲಿ ಚಿತ್ರ ನಿಂತಿತು.

"ಯೋ," ಎಂದ ಲಿರಿ ತಡೆದಳು. "ಇದು ಏನು ಕೇಳಿದಿರಿ? ಇದು ನನಗೆ ಅರ್ಥವಾಗಲಿಲ್ಲ."

ಮಂಜುಶ್ರೀಗೆ ಇಂಗ್ಲಿಷ್ ಬಾಯಿಗೆ ಬರಲಿಲ್ಲ. ಬೇಡ ಎಂದಿದ್ದಳು. ಒಳಗೆ ಕಳಿಸಬೇಡಿ ಎಂದು ಮಂಚದ ಮೇಲೆ ಮುರಿದು ಬಿದ್ದ ಹುಡುಗಿ ಮೂರು ಸಲ ಹೇಳಿದ್ದಳು. ಮಂಜುಶ್ರೀ ಅವಳ ಹಣೆ ಸವರಿ, ಬಾಗಿಲನ್ನು ತಾನೇ ತೆಗೆದು, ಮನೆಯವರು ಬರಬಹುದು ಎಂದು ಹೊರಗಿದ್ದವರಿಗೆ ಮುಖವನ್ನೂ ನೋಡದೆ ಹೇಳಿ, ಆಸ್ಪತ್ರೆಯ ಗೇಟಿನ ಬಳಿ ಆಟೋದ ಸೀಟು ಒರೆಸುತ್ತ ನಿಂತಿದ್ದ ಪುನೀತನನ್ನು ಹಿಡಿಯಲು ಓಡಿದ್ದಳು. ಇಪ್ಪತ್ತು ನಿಮಿಷದೊಳಗೆ ವ್ಯೋಸಾ ಹೋಗಿಬಿಟ್ಟಿದ್ದಳು. ಒಳಗಿನ ರಕ್ತಸ್ರಾವ ಎಂದರು. ಯಾರೂ ಪ್ರಶ್ನೆ ಕೇಳಲಿಲ್ಲ.

ಮಂಜುಶ್ರೀ ಎದ್ದು ಹೊರಗೆ ಮೆಟ್ಟಿಲಿಗೆ ಬಂದಳು. ಇಂದ್ರಮ್ಮ ಹಾಗೇ ಕೂತಿದ್ದಳು.

"ಇಂದ್ರಮ್ಮ, ಆಸ್ಪತ್ರೇಲಿ ಅವತ್ತು ನೀವು ವ್ಯೋಸಾ ಹತ್ರ ಒಳಗೆ ಹೋದ್ರಲ್ಲ. ಏನು ಹೇಳಿದ್ರಿ ಅವಳಿಗೆ?"

"ನಾನಾ?" ಇಂದ್ರಮ್ಮ ಸೆರಗು ಇಳಿಸಿದಳು. "ನಾನೆಲ್ಲಿ ಹೋದೆ ಮೇಡಂ? ನಂಗೆ ಕಾಲೇ ಏಳ್ನಿಲ್ಲ. ಬೆಂಚಿನ ಮ್ಯಾಲೇ ಕುಂತಿದ್ದೆ."

"ಮನೆಯವರು ಬರಬಹುದು ಅಂತ ನಾನು ಹೇಳಿದ್ದೆ."

"ಏಳಿದ್ರಿ..."

"ಮತ್ತೆ ಯಾರು ಹೋದ್ರು?"

ಇಂದ್ರಮ್ಮನ ಕಣ್ಣು ತಟ್ಟನೆ ಕೆಳಗಿನ ಗೇಟಿನ ಕಡೆ ಹೋಗಿ, ಹೋದದ್ದಕ್ಕೇ ಹೆದರಿದ ಹಾಗೆ ವಾಪಸು ಬಂತು.

"ಇಂದ್ರಮ್ಮ, ಯಾರು?"

"ಬುಟ್ಬುಡಿ ಮೇಡಂ. ನಿಮ್ ಕಾಲಿಗೆ ಬೀಳ್ತೀನಿ. ಇರೋದೊಬ್ನೇ ನಂಗೆ."

ಮೋಹನ್ ಆ ವಾರವಿಡೀ ಹುಬ್ಬಳ್ಳಿಯಲ್ಲಿ ಚಿಕ್ಕಪ್ಪನ ಮಗಳ ಮದುವೆಯಲ್ಲಿದ್ದ ಎಂದು ಇಂದ್ರಮ್ಮನೇ ಹೇಳಿಕೆ ಕೊಟ್ಟಿದ್ದಳು. ಸಹಿ ಹಾಕಿದ್ದಳು. ಆ ಹಾಳೆಯನ್ನು ಕಡತಕ್ಕೆ ಹೊಲಿದವಳು ಮಂಜುಶ್ರೀ.

"ಮೋಹನ್ ಊರಲ್ಲೇ ಇರಲಿಲ್ಲ ಅಂದ್ರಿ ನೀವು."

ಇಂದ್ರಮ್ಮ ಮೆಟ್ಟಿಲಿನ ಅಂಚಿಗೆ ಹಣೆ ಹಚ್ಚಿ ಅಳತೊಡಗಿದಳು.

ಹಿಂದೆ ಬಾಗಿಲಲ್ಲಿ ಲಿರಿ ಬಂದು ನಿಂತಿದ್ದಳು. ಕನ್ನಡ ಅವಳಿಗೆ ಒಂದು ಪದವೂ ಬಾರದು. ಆದರೆ ಮಾತಿನ ನಡುವೆ ಬಂದ ಆ ಒಂದು ಹೆಸರು ಅವಳಿಗೆ ಗುರುತಿತ್ತು.

"ಮೋಹನ್ ವಿಷಯವೇ?" ಎಂದಳು. "ಪಾಪ, ಒಳ್ಳೆಯ ಹುಡುಗ. ಬೆಳಿಗ್ಗೆ ಕಾರಿನಲ್ಲಿ ಬರುವಾಗ ಅವನೇ ಹೇಳಿದ. ಕೊನೆಯ ಉಸಿರಿನ ತನಕ ನನ್ನ ಮಗಳ ಪಕ್ಕದಲ್ಲಿ, ಅವಳ ಕೈ ಹಿಡಿದು ಕೂತಿದ್ದವನು ತಾನೇ ಎಂದು."

ಮಂಜುಶ್ರೀ ನಿಧಾನವಾಗಿ ಅವಳ ಕಡೆ ತಿರುಗಿದಳು.

"ಅವಳು ಒಂಟಿಯಾಗಿ ಸಾಯಲಿಲ್ಲವಲ್ಲ ಎಂದು ನನ್ನ ಜೀವಕ್ಕೆ ಎಷ್ಟು ಸಮಾಧಾನವಾಯಿತು. ನಾನು ಆ ಕೈಯನ್ನು ಕಣ್ಣಿಗೆ ಒತ್ತಿಕೊಂಡು ಮುತ್ತಿಟ್ಟೆ."

ಕೆಳಗೆ ಕಾರಿನ ಬಾಗಿಲು ಹಾಕಿದ ಸದ್ದಾಯಿತು.

"ಅಮ್ಮಾ," ಮೋಹನನ ದನಿ ಅಂಗಳದಿಂದ ಮೇಲೆ ಬಂತು, "ಊಟ ತಂದಿದೀನಿ. ಅವರನ್ನ ಕೆಳಕ್ಕೆ ಕರ್ಕೊಂಡು ಬಾ. ಬೇಡ ಬುಡು, ನಾನೇ ಮೇಲಕ್ಕೆ ಬತ್ತೀನಿ."